ಮಾವನವರ ಮೇಜಿಗೆ ನನ್ನ ಮೇಣ

ನನ್ನ ಅತ್ತೆಯವರನ್ನು ನಾನು ಮೊದಲು ಕಂಡದ್ದು ಅವರ ಔಷಧಿ ಅಂಗಡಿಯಲ್ಲಿ. ಮುಲಾಮು ಕಲಸುತ್ತಿದ್ದರು. ಮಗಳನ್ನು ಮದುವೆಯಾಗುವ ಆಸೆ ಹೇಳಿಕೊಳ್ಳಲು ಹೋದ ನನಗೆ, "ಸ್ವಲ್ಪ ಇರಿ, ಇದು ಹದಕ್ಕೆ ಬರಲಿ" ಎಂದರು. ಅದು ಹದಕ್ಕೆ ಬರುವಷ್ಟರಲ್ಲಿ ನಾನು ಕರಗಿ ನೀರಾಗಿದ್ದೆ.

ಮಾವನವರು ತೀರಿಕೊಂಡ ಮೇಲೆ, ಅವರು ಕೈಯಾರೆ ಮಾಡಿದ್ದ ಊಟದ ಮೇಜನ್ನು ಅತ್ತೆ ನಮ್ಮಲ್ಲಿ ಇರಿಸಿದ್ದರು. ಹೋದ ವರ್ಷ ತಾವೂ ನಮ್ಮೊಡನೆ ಇರಲು ಹೊರಟರು. ಮೇಜು ನೋಡಿದರೆ ಮಂಕು ಹಿಡಿದಿತ್ತು. ಅವರು ಬರುವುದರೊಳಗೆ ಅದರಲ್ಲಿ ಮುಖ ಕಾಣುವಂತೆ ಮಾಡುವೆನೆಂದು ಪಣ ತೊಟ್ಟೆ. ಅಂಗಡಿಯ ಪಾಲಿಶ್ ಯಾರಿಗೆ ಬೇಕು? ಜೇನುಮೇಣ ತಂದು ನಾನೇ ತಯಾರಿಸುವೆ!

ಮೇಣ ತೆಳುವಾಗಲು ಏನಾದರೂ ಬೆರೆಸಬೇಕಷ್ಟೆ. ಟರ್ಪೆಂಟೈನ್ ಎಂದೆ.

"ಆ ವಾಸನೆಗೆ ನನಗೆ ತಲೆ ಸಿಡಿಯುತ್ತೆ ರೀ," ಎಂದಳು ಹೆಂಡತಿ.

"ಸೀಮೆಎಣ್ಣೆ?"

"ಊಟದ ಮೇಜಿಗಾ? ಆಮೇಲೆ ಊಟ ಎಲ್ಲಿ, ಬೀದೀಲಾ?"

ಆಗ ಬುದ್ಧಿ ಮಿಂಚಿತು. ವಾಸನೆಯಿಲ್ಲದ ಎಣ್ಣೆ ಅಡುಗೆಮನೆಯಲ್ಲೇ ಇದೆಯಲ್ಲ! ಬಿಸಿನೀರಿನ ಪಾತ್ರೆಯಲ್ಲಿ ಡಬ್ಬಿಯಿಟ್ಟು ಮೇಣ ಕರಗಿಸಿ, ಅಡುಗೆ ಎಣ್ಣೆಯನ್ನು ಧಾರಾಳವಾಗಿ ಸುರಿದು ಹಚ್ಚಿದೆ. ಮೇಜು ಥಳಥಳಿಸಿತು. ಧೂಳು ಕೂರದಿರಲೆಂದು ದಿನಪತ್ರಿಕೆ ಹೊದಿಸಿ, ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಮಲಗಿದೆ.

ಬೆಳಿಗ್ಗೆ ಪತ್ರಿಕೆ ಮೇಲೇಳಲೊಲ್ಲದು. ಎಳೆದರೆ ಚೂರುಚೂರಾಗಿ ಬಂತು. ಯಾರದೋ ಮನೆಯ ಹರಾಜಿನ ಪ್ರಕಟಣೆ ತಿರುವುಮುರುವಾಗಿ ಮೇಜಿನ ಮೇಲೆ ಅಚ್ಚಾಗಿತ್ತು.

"ಅಪ್ಪನ ಕೈಯಿಂದ ಅಮ್ಮನಿಗೆ ಉಳಿದಿರೋದು ಇದೊಂದೇ ರೀ," ಎಂದಳು ಹೆಂಡತಿ, ಮೆಲ್ಲಗೆ. ನನ್ನ ಗಂಟಲು ಒಣಗಿತು. ಮೇಜು ಮಾತ್ರ ಒಣಗಲಿಲ್ಲ.

ಅಷ್ಟರಲ್ಲಿ ಅತ್ತೆ ಬಂದೇಬಿಟ್ಟರು. ಚೀಲ ಕೆಳಗಿಟ್ಟು ಮೇಜಿನ ಮೇಲೆ ಬೆರಳಾಡಿಸಿದರು. ಬೆರಳು ಅಂಟಿಕೊಂಡಿತು. ಮೂಸಿದರು.

"ಏನು ಬೆರೆಸಿದ್ರಿ ಅಳಿಯಂದಿರೇ?"

"ಅಡುಗೆ ಎಣ್ಣೆ, ಅತ್ತೆ."

"ಉಪ್ಪು ಸಾಕಾಗಿದೆಯಾ, ನೋಡಿದ್ರಾ?"

ನಾನು ಉಗುರಿನಿಂದ ಹರಾಜಿನ ಒಂದು ಅಕ್ಷರ ಕೆರೆಯತೊಡಗಿದೆ.

"ಬೆರೆಸಿದ್ದು ಗಾಳಿಗೆ ಹಾರಿಹೋಗ್ಬೇಕು, ಮೇಣ ಉಳೀಬೇಕು. ನಿಮ್ಮ ಎಣ್ಣೆ ಎಲ್ಲಿಗೂ ಹೋಗಲ್ಲ. ಈಗ ನಾನು ಬಂದಿದೀನಲ್ಲ, ಹಾಗೇ ಕೂತುಬಿಡುತ್ತೆ. ಹೋಗಿ, ಟರ್ಪೆಂಟೈನ್ ತನ್ನಿ."

ಮಗಳನ್ನು ಒಳಗೆ ಕಳಿಸಿ ಕಿಟಕಿ ಮುಚ್ಚಿಸಿದರು. ಮೇಜನ್ನು ಅಂಗಳಕ್ಕೆ ಹೊತ್ತೆವು. ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆಯಿಂದ ಅವರು ಒರೆಸುತ್ತ ಹೋದಂತೆ ಹರಾಜೂ ಎಣ್ಣೆಯೂ ನನ್ನ ಚಕ್ರಾಧಿಪತ್ಯವೂ ಕಿತ್ತುಬಂದವು. ಕೊನೆಯ ಅಕ್ಷರ ಅಳಿದಾಗ ಅತ್ತೆ ಅಂಗೈಯಿಂದ ಮರವನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿದರು.

"ಏನೂ ಆಗಿಲ್ಲ ಬಿಡಿ. ನಿಮ್ಮ ಮಾವ ಮೊದಲ ಸಲ ಗೋಂದು ಬೆರೆಸಿದ್ರು."

ಒಂದು ಬಿರುನುಡಿಯಿಲ್ಲ. ಇಂಥ ಅತ್ತೆ ಎಷ್ಟು ಜನಕ್ಕೆ ಸಿಕ್ಕಾರು?

ಈಗ ಭಾನುವಾರಗಳಂದು ಬೀದಿಯವರೆಲ್ಲ ಕುರ್ಚಿ, ಮಣೆ ಹೊತ್ತುಕೊಂಡು ನಮ್ಮ ಅಂಗಳಕ್ಕೆ ಬರುತ್ತಾರೆ. ಅತ್ತೆ ಮೇಣ ಮಾಡುವುದನ್ನು ಕಲಿಸುತ್ತಾರೆ. ಯಾರಾದರೂ, "ಇದಕ್ಕೆ ಅಡುಗೆ ಎಣ್ಣೆ ಆಗಲ್ವಾ?" ಎಂದು ಕೇಳಿದರೆ ಸಾಕು, "ಅಳಿಯಂದಿರೇ, ಸ್ವಲ್ಪ ಬನ್ನಿ" ಎಂದು ನನ್ನನ್ನು ಕರೆಯುತ್ತಾರೆ. ನಾನು ಎದ್ದು ನಿಂತು ಎಲ್ಲವನ್ನೂ ವಿವರವಾಗಿ ಹೇಳುತ್ತೇನೆ. ಮೂವತ್ತು ವರ್ಷ ಪಾಠ ಮಾಡಿದವನು ನಾನು. ಇಷ್ಟು ಗಮನವಿಟ್ಟು ಕೇಳಿದ ತರಗತಿ ಇನ್ನೊಂದಿಲ್ಲ.