ಮಾವನ ಕಿವಿಗೆ ಬಿದ್ದ ಟಿಕ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಮಾವನ ಬೈಕಿಗೆ ರೋಗ ತಂದವನು ನಾನು. ಅದೂ ಬರೀ ಬಾಯಲ್ಲಿ.

ನಮ್ಮ ಮಾವನಿಗೆ ಮನುಷ್ಯರ ಮಾತು ಕೇಳಿಸುವುದಿಲ್ಲ. ಕಿವುಡೇನಲ್ಲ, ಆಸಕ್ತಿಯಿಲ್ಲ ಅಷ್ಟೆ. ಅತ್ತೆ ನಾಲ್ಕು ಸಲ ಊಟಕ್ಕೆ ಕೂಗಿದರೂ ಕದಲದ ಈ ಮಹಾನುಭಾವರು, ಹುಣಸೂರಿನ ನಮ್ಮ ಬೀದಿಯ ತುದಿಯಲ್ಲಿ ಮೊಪೆಡ್ಡೊಂದು ಕೆಮ್ಮಿದರೆ ಸಾಕು, "ಕಾರ್ಬರೇಟರಲ್ಲಿ ಕಸ ಐತೆ" ಎನ್ನುತ್ತಾರೆ. ಪಿರಿಯಾಪಟ್ಟಣದಿಂದೆಲ್ಲ ಜನ ಟಿಲ್ಲರು, ಪಂಪುಸೆಟ್ಟು ತಂದು ನಿಲ್ಲಿಸುತ್ತಾರೆ. ಮಾವ ಒಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ ಕಣ್ಣು ಮುಚ್ಚುತ್ತಾರೆ. ಡಾಕ್ಟರಿಗೂ ಇವರಿಗೂ ಇರುವ ವ್ಯತ್ಯಾಸ ಒಂದೇ, ಇವರು ನಾಲಿಗೆ ತೋರಿಸು ಅನ್ನುವುದಿಲ್ಲ.

ಇವರ ಪ್ರಾಣವಿರುವುದು ಒಂದು ಇಂಗ್ಲೆಂಡಿನ ಬೈಕಿನಲ್ಲಿ. ಕೊಡಗಿನ ಕಾಫಿ ತೋಟದ ದೊರೆ ಬಿಟ್ಟುಹೋದದ್ದು. ನನಗೋ, ಕೇಳಿದ ಸದ್ದನ್ನೆಲ್ಲ ಬಾಯಲ್ಲಿ ಮಾಡುವ ಚಟ. ಹಂಪಾಪುರದ ಮದುವೆಯಲ್ಲಿ ಮೈಸೂರುಪಾಕನ್ನು ಬಲಗಡೆಯಲ್ಲೇ ಅಗಿದು ಮುಗಿಸಿ, ಬರುವಾಗ ಮಾವನ ಹಿಂದೆ ಕೂತು, ಎಡದವಡೆಯ ಹಲ್ಲಿಗೆ ನಾಲಿಗೆ ಬಡಿದು ಇಂಜಿನ್ನಿನ ತಾಳಕ್ಕೆ ಸರಿಯಾಗಿ ಟಿಕ್ ಟಿಕ್ ಎಂದೆ. ಮಾವ ನಿಧಾನಿಸಿದರು. ನನ್ನ ಟಿಕ್ಕೂ ನಿಧಾನಿಸಿತು. ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ಬೈಕು ನಿಲ್ಲಿಸಿದರು.

"ವಾಲ್ವ್ ಸಡಿಲ ಆಗೈತೆ ಕಣ್ಲಾ."

"ಸ್ಕ್ರೂಡ್ರೈವರ್ ಇಟ್ಟು ನೋಡಿ ಮಾವ."

"ಯಾಕ್ಲಾ? ಇಷ್ಟು ಸಾಫಾಗಿ ಕೇಳ್ತಾ ಐತೆ."

ಈ ಮೆಚ್ಚುಗೆಗೆ ಉಬ್ಬಿ ಹುಣಸೂರಿನವರೆಗೂ ಟಿಕ್ ಎಂದೆ. ಮನೆಯಲ್ಲಿ ನಿಜ ಹೇಳೋಣವೆಂದು ಕೈಕಾಲು ತೊಳೆದು ಬರುವಷ್ಟರಲ್ಲಿ ಬೈಕಿನ ಪೆಟ್ರೋಲ್ ಟ್ಯಾಂಕು ಕಳಚಿ ಜಗಲಿಯ ಮೇಲಿತ್ತು.

ಮಾರನೆಯ ದಿನ ಇಂಜಿನ್ನಿನ ಹೆಡ್ಡು ಇಳಿಯಿತು. ಆಮೇಲೆ ಸಿಲಿಂಡರು, ಪಿಸ್ಟನ್ನು. ಎಲ್ಲಿಂದ ಬಿಚ್ಚಿದ್ದು ಅಲ್ಲಿಗೇ ಹೋಗಬೇಕಲ್ಲ, ಅದಕ್ಕೆ ಸ್ಪ್ರಿಂಗು, ನಟ್ಟುಗಳನ್ನೆಲ್ಲ ಮಾವ ಅತ್ತೆಯ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಸಾಲಾಗಿ ಇಟ್ಟರು. "ಆವಿಗಿಡ್ಲಾ, ಬೇಯ್ತವಾ?" ಎಂದು ಕೇಳಿದರು ಅತ್ತೆ. ವಾಲ್ವಿಗೆ ಉಜ್ಜುವ ಪೇಸ್ಟು ಹಚ್ಚಿ, ಅದಕ್ಕೆ ಸಿಕ್ಕಿಸಿದ ಕೋಲನ್ನು ಅಂಗೈಗಳ ನಡುವೆ ತಿರುಗಿಸುತ್ತ ಎರಡು ದಿನ ಮೊಸರು ಕಡೆದಂತೆ ಕಡೆದೆವು. ಬೆಣ್ಣೆ ಬರಲಿಲ್ಲ. ವಾಲ್ವು ಸರಿಯಾಗಿ ಕೂತಿದೆಯೇ ಎಂದು ಸೀಮೆಎಣ್ಣೆ ಸುರಿದು ಕಾದೆವು, ತೊಟ್ಟೂ ಸೋರಲಿಲ್ಲ. ಹೆಡ್ಡಿನಡಿ ಕೂರುವ ತಾಮ್ರದ ಗ್ಯಾಸ್ಕೆಟ್ಟನ್ನು ಅಡುಗೆಮನೆಯಲ್ಲಿ ಕೆಂಪಗೆ ಕಾಯಿಸಿ, ನೀರಿಗದ್ದಿ ಮೆತ್ತಗೆ ಮಾಡಿದರು. ಆವತ್ತು ಒಲೆಗಾಗಿ ಹುಳಿಸಾರು ಸರದಿಯಲ್ಲಿ ನಿಂತಿತ್ತು.

ಎಲ್ಲ ಜೋಡಿಸಿ ಕಿಕ್ಕರು ಒದ್ದರೆ ಎರಡನೆಯದಕ್ಕೇ ಇಂಜಿನ್ ಎದ್ದಿತು. ಟಿಕ್ ಇಲ್ಲ. ನಾನು ಚಪ್ಪಾಳೆ ತಟ್ಟಿದೆ. ಮಾವನ ಮುಖ ಅರಳಲಿಲ್ಲ.

"ಬಿಚ್ದಾಗ ಏನೂ ಸವೆದಿರ್ಲಿಲ್ಲ ಕಣ್ಲಾ. ಒಂದು ಗೀರೂ ಇಲ್ಲ. ಅಂಗಾರೆ ನಂಗೆ ಕೇಳಿಸಿದ್ದೇನು?"

ಮರುದಿನ ಟಿಲ್ಲರು ತಂದ ಪಿರಿಯಾಪಟ್ಟಣದ ಸಾಬರನ್ನು ಬಾಗಿಲಲ್ಲೇ ತಡೆದರು. "ಬೇರೆಯವ್ರಿಗೆ ತೋರ್ಸಿ ಸಾಬ್ರೇ. ನನ್ನ ಕಿವಿ ಹೋಯ್ತು." ಸಾಬರು ತಮಾಷೆಯೆಂದು ನಕ್ಕರು. ಮಾವ ಸ್ಕ್ರೂಡ್ರೈವರನ್ನು ನನ್ನ ಕೈಗಿಟ್ಟು, "ನೀನೇ ಇಟ್ಕೊ" ಎಂದು ಒಳಗೆ ಹೋದರು. ಅತ್ತೆಯ ಮೊದಲ ಕೂಗಿಗೇ ಊಟಕ್ಕೆ ಎದ್ದರು.

ನನಗೆ ನಿಜವಾಗಿ ಭಯವಾದದ್ದು ಆಗ.

ತಟ್ಟೆಯ ಮುಂದೆ ಕೂತವನೇ ಬಾಯಿ ತೆರೆದು ಟಿಕ್ ಟಿಕ್ ಎಂದೆ. ಅತ್ತೆಯ ಸೌಟು ಗಾಳಿಯಲ್ಲೇ ನಿಂತಿತು. ಮಾವ ನನ್ನ ಪಕ್ಕದಲ್ಲಿದ್ದ ಸ್ಕ್ರೂಡ್ರೈವರಿಗೆ ಕೈ ಚಾಚಿದರು. ಬಿತ್ತು ಏಟು ಅಂದುಕೊಂಡೆ. ಅವರು ಅದರ ತುದಿಯನ್ನು ಮೆಲ್ಲಗೆ ನನ್ನ ಎಡದವಡೆಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿದರು.

"ಇನ್ನೊಂದ್ಸಲ ಮಾಡ್ಲಾ."

ಮಾಡಿದೆ.

"ಸಡಿಲ ಇರೋದು ದಿಟವೇ ಕಣ್ಲಾ. ಕೊನೇ ಹಲ್ಲು. ಬೆಳಿಗ್ಗೆ ಬೈಕಲ್ಲೇ ಕರ್ಕೊಂಡೋಯ್ತೀನಿ, ಡಾಕ್ಟ್ರು ಬಿಚ್ಲಿ."