ಹನ್ನೆರಡು ಮಣಿಗೆ ಒಂದು ಬೀರು

ಅಳತೆಯ ವಿಷಯದಲ್ಲಿ ನನ್ನನ್ನು ಮೀರಿಸುವ ಗಂಡಸು ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ! ಇಪ್ಪತ್ತಾರು ವರ್ಷದಿಂದ ಸರ್ವೇಯರ್. ಗೇಣು ಜಾಗಕ್ಕೆ ಅಣ್ಣತಮ್ಮಂದಿರು ಮಚ್ಚು ಹಿಡಿದು ನಿಂತಲ್ಲಿ ಚೈನು ಹಿಡಿದು ನಿಂತವನು ನಾನು. ಆದ್ದರಿಂದ ನನ್ನ ಹೆಂಡತಿ ಜ್ಯೋತಿಲಕ್ಷ್ಮಿ, "ನಂಗೊಂದು ಕಿಲ್ನ್ ಬೇಕು, ಯಾವ ಸೈಜು ತಗೊಳ್ಳೋದೋ" ಎಂದಾಗ ಮೀಸೆಯ ಮೇಲೆ ಕೈಯಾಡಿಸಿ, "ಸೈಜಿನ ವಿಷಯ ನನಗೆ ಬಿಡು!" ಎಂದೆ. ಬಿಟ್ಟಳು. ಅವಳ ಬದುಕಿನಲ್ಲಿ ಅದು ಎರಡನೆಯ ದೊಡ್ಡ ತಪ್ಪು. ಮೊದಲನೆಯದಕ್ಕೆ ನಾನು ತಾಳಿ ಕಟ್ಟಿದ್ದೆ.

ಅವಳು ಗಾಜಿನ ಮಣಿ ಮಾಡುವವಳು. ಗ್ಯಾಸಿನ ಉರಿಯಲ್ಲಿ ಗಾಜು ಕರಗಿಸಿ ಉಕ್ಕಿನ ಕಡ್ಡಿಗೆ ಸುತ್ತುತ್ತಾಳೆ. ಹಾಗೆ ಮಾಡಿದ ಮಣಿ ಒಮ್ಮೆಲೇ ಆರಿದರೆ ಸೀಳಿಹೋಗುತ್ತದೆ; ಸೀಳಿದ ಚೂರು ಮತ್ತೆ ಉರಿಗೆ ಹಿಡಿದರೆ ಸಿಡಿಯುತ್ತದೆ, ಕೂಡುವುದಿಲ್ಲ. ಅದನ್ನು ಬಿಸಿಯಲ್ಲಿಟ್ಟು ಗಂಟೆಗಟ್ಟಲೆ ಮೆಲ್ಲಮೆಲ್ಲನೆ ಆರಿಸುವ ಕರೆಂಟಿನ ಕುಲುಮೆಯೇ ಈ ಕಿಲ್ನ್.

ಆತುರ ಪಕ್ಕದ ಮನೆಯ ಗಂಗುಲಮ್ಮನವರದು. ಹಿಂದಿನ ತಿಂಗಳು ಅವರ ಯಜಮಾನರು ಎರ್ರಪ್ಪನವರು ತೀರಿಕೊಂಡರು. ಹನ್ನೊಂದನೆಯ ದಿನ ಬಳೆ ಒಡೆಯಲು ಎಂಟು ಜನ ಹೆಂಗಸರು ಸುತ್ತ ಕೂತಾಗ, ಗಂಗುಲಮ್ಮ ತಾವೇ ಹನ್ನೆರಡು ಹಸಿರು ಬಳೆ ಬಿಚ್ಚಿ ಸೆರಗಿಗೆ ಗಂಟು ಹಾಕಿಕೊಂಡು ಎದ್ದುಬಿಟ್ಟರು. ಚಿಂತಾಮಣಿ ಆಸ್ಪತ್ರೆಯಿಂದ ಕಡೆಯ ಸಲ ವಾಪಸ್ಸು ಬರುವಾಗ ಎರ್ರಪ್ಪನವರು ಬಸ್ ಸ್ಟ್ಯಾಂಡಿನಲ್ಲಿ ಏದುಸಿರು ಬಿಡುತ್ತ ನಿಂತು ಆರಿಸಿದ ಬಳೆ.

"ಇವನ್ನ ಮಣಿ ಮಾಡ್ಕೊಡಮ್ಮ ಜ್ಯೋತಿ. ಬಳೆ ಹಾಕ್ಕೊಂಡ್ರೆ ಊರು ಮಾತಾಡುತ್ತೆ. ಮಣಿ ಹಾಕ್ಕೊಂಡ್ರೆ ಯಾರಪ್ಪಂಗೆ ಗೊತ್ತಾಗುತ್ತೆ?"

ಒಂದು ಬಳೆಗೆ ಒಂದು ಮಣಿ. ಹಾಳಾದರೆ ಬದಲಿಗೆ ಇನ್ನೊಂದು ಬಳೆ ಇಲ್ಲ, ತಂದುಕೊಡುವವರೂ ಇಲ್ಲ.

"ಟಿಫನ್ ಬಾಕ್ಸಿನಷ್ಟು ಒಳಜಾಗ ಇದ್ರೆ ಸಾಕು ಕಣ್ರೀ," ಎಂದಳು ಜ್ಯೋತಿ. "ಮುಂದೆ ಅಂಗೈಯಗಲ ಒಂದು ಕಿಂಡಿ ಇರ್ಲಿ, ಕಡ್ಡಿ ತೂರ್ಸೋಕೆ."

"ಟಿಫನ್ ಬಾಕ್ಸಾ! ನೀನು ರೇಷ್ಮೆ ಬೆಳೆಯೋರ ಮನೆ ಸೊಸೆ ಕಣೇ! ಹುಳು ಸಾಸಿವೆಯಷ್ಟಿದೆ ಅಂತ ನಮ್ಮಮ್ಮ ಬೆಂಕಿಪೊಟ್ಟಣದಂಥ ಹುಳುಮನೆ ಕಟ್ಟಿಸಿದ್ರಾ? ನಾಲ್ಕನೇ ಜ್ವರ ಎದ್ದಮೇಲೆ ಅದಕ್ಕೆಷ್ಟು ಜಾಗ ಬೇಕು ಅಂತ ನೋಡಿ ಕಟ್ಟಿಸಿದ್ರು!" ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ.

"ಮಣಿಗೆ ಜ್ವರ ಬರುತ್ತೇನ್ರೀ? ಸೊಪ್ಪು ಹಾಕಿದ್ರೆ ದಪ್ಪಗಾಗುತ್ತಾ?"

"ಮಣಿ ಬೆಳೆಯೋಲ್ಲ, ವ್ಯಾಪಾರ ಬೆಳೆಯುತ್ತೆ!"

ಮಡಕೆ ಸುಡುವವರೊಬ್ಬರು ಮಾರಿದ ಕಿಲ್ನ್ ಲಗೇಜ್ ಆಟೋದಲ್ಲಿ ಬಂತು. ಸಾಕ್ಷಾತ್ ಬೀರು! ನಾಲ್ಕು ಜನ ಹೆಗಲು ಕೊಟ್ಟು ಹೊತ್ತು ತಂದು ಬಾಗಿಲಲ್ಲಿ ನಿಂತರು. ನಿಂತೇ ಇದ್ದರು. ತಾಲ್ಲೂಕಿನ ಹೊಲವನ್ನೆಲ್ಲ ಅಳೆದವನು ಸ್ವಂತ ಮನೆಯ ಬಾಗಿಲು ಅಳೆದಿರಲಿಲ್ಲ! ಚೌಕಟ್ಟು ಕಿತ್ತೆವು. ಗೋಡೆಯೂ ಸ್ವಲ್ಪ ಜೊತೆಗೆ ಬಂತು.

ನೋಡಲು ಬಂದ ಗಂಗುಲಮ್ಮ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. "ಇಷ್ಟು ದೊಡ್ಡದಾ! ನಮ್ಮ ಯಜಮಾನ್ರನ್ನೇ ಇದ್ರಲ್ಲಿ ಮಲಗಿಸಬೋದಿತ್ತಲ್ಲಪ್ಪಾ," ಎಂದರು. ಅವರು ನಗಲಿಲ್ಲ. ನನಗೂ ನಗುವ ಧೈರ್ಯ ಬರಲಿಲ್ಲ.

ಭಾನುವಾರ ಫ್ರಿಜ್ಜು, ಫ್ಯಾನು, ಟೀವಿ ಎಲ್ಲ ಆರಿಸಿ ಕಿಲ್ನ್ ಮಹಾರಾಜರನ್ನು ಎಬ್ಬಿಸಿದೆವು. ಜ್ಯೋತಿ ಬಳೆಯನ್ನು ಹದವಾಗಿ ಬಿಸಿ ಮಾಡಿ, ಕರಗಿಸಿ, ಮಣಿ ಸುತ್ತುವಳು. ಬೀರುವಿನ ಬಾಗಿಲು ಒಂದು ಬೆರಳಗಲ ತೆರೆದು ಒಳಗಿಟ್ಟು ಫಟ್ಟನೆ ಮುಚ್ಚುವಳು. ಅಷ್ಟಕ್ಕೇ ಒಳಗಿನ ಕಾವು ಒಂದಿಷ್ಟು ಹೊರಗೆ! ಅದು ಮತ್ತೆ ಏರುವ ತನಕ ಕಾಯುವಳು; ಕಾಯುವಾಗ ನನ್ನನ್ನು ನೋಡುವಳು. ಬೆಳಗ್ಗೆ ಆರಕ್ಕೆ ಕೂತವಳು ಹನ್ನೆರಡನೆಯ ಮಣಿ ಒಳಗಿಟ್ಟಾಗ ಮಧ್ಯಾಹ್ನ ಮೂರು.

"ನಾಳೆ ಬೆಳಗ್ಗೆ ತನಕ ಈ ಬಾಗಿಲು ಮುಟ್ಟಬೇಡಿ," ಎಂದು ಹೇಳಿ ಸೊಂಟ ಹಿಡಿದುಕೊಂಡು ಒಳಗೆ ಹೋಗಿ ಮಲಗಿದಳು. ಗಂಗುಲಮ್ಮ ಹೊಸ್ತಿಲಿರಬೇಕಾದ ಜಾಗದಲ್ಲಿ ಕೂತು ಕಾಯುತ್ತ ಹಾಗೇ ತೂಕಡಿಸುತ್ತಿದ್ದರು.

ಆಗ ಬಂದರು ನಮ್ಮ ಆಫೀಸಿನ ಚೆನ್ನರಾಯಪ್ಪ. "ಏನ್ ಸ್ವಾಮಿ, ಮನೆಗೆ ಬೀರು ತಗೊಂಡ್ರಂತೆ?"

"ಬೀರು ಅಲ್ರೀ! ಒಳಗೆ ಐನೂರು ಡಿಗ್ರಿ!"

"ಬಿಡ್ರಿ ಬಿಡ್ರಿ. ನಮ್ಮನೇಲೂ ಇಂಥದ್ದೇ ಇದೆ. ಸೀರೆ ಇಟ್ಟಿದಾರೆ."

ಅವಮಾನ! "ನೋಡಿ ಹಾಗಾದ್ರೆ!" ಎಂದು ಬಾಗಿಲನ್ನು ಪೂರ್ತಿ ತೆರೆದೆ. ಬಿಸಿ ಮುಖಕ್ಕೆ ಬಡಿದು ನನ್ನ ಮೀಸೆಯ ಎಡಭಾಗ ಸುರುಟಿತು. ಬಲಭಾಗವನ್ನು ಹೆಮ್ಮೆಯಿಂದ ತಿರುವಿದೆ.

"ಮಣಿ ಎಲ್ಲಿ? ಕಾಣ್ಲೇ ಇಲ್ಲ."

ಹೇಗೆ ಕಂಡೀತು? ಕಲ್ಯಾಣ ಮಂಟಪದಲ್ಲಿ ಹನ್ನೆರಡು ಕಡಲೆಬೀಜ! "ಕೆಳಗೆ, ಮೂಲೇಲಿ," ಎಂದೆ. ಚೆನ್ನರಾಯಪ್ಪ ಜೇಬಿನಿಂದ ಕನ್ನಡಕ ತೆಗೆದರು. ಪಂಚೆಯ ಅಂಚಿನಲ್ಲಿ ಒರೆಸಿದರು. ಹಾಕಿಕೊಂಡರು. ಅಷ್ಟು ಹೊತ್ತೂ ನಾನು ಬಾಗಿಲು ಹಿಡಿದೇ ನಿಂತಿದ್ದೆ.

ಟಿಕ್.

"ಏನದು ಸದ್ದು?" ಎಂದರು.

ಟಿಕ್. ಟಿಕ್. ಬಾಗಿಲು ಬಡಿದು ಮುಚ್ಚಿದೆ. ಒಳಗೆ ಸದ್ದು ನಿಲ್ಲಲಿಲ್ಲ. ಅಭ್ಯಾಸಬಲ, ಎಣಿಸಿದೆ: ಹನ್ನೊಂದು.

ಮರುದಿನ ತೆಗೆದಾಗ ಹಿಂದಿನ ಮೂಲೆಯದೊಂದು ಮಾತ್ರ ಇಡಿಯಾಗಿತ್ತು. ಜ್ಯೋತಿ ಬಯ್ಯಲಿಲ್ಲ. ಬಯ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. ಗಂಗುಲಮ್ಮ ಚೂರುಗಳನ್ನು ಸೆರಗಿನಲ್ಲಿ ಆರಿಸಿಕೊಳ್ಳುತ್ತ ಹೇಳಿದರು:

"ನಿಮ್ಮಮ್ಮ ಹುಳುಮನೆ ದೊಡ್ಡದಾಗಿ ಕಟ್ಟಿಸಿದ್ದು ನೆನಪಿಟ್ಕೊಂಡ್ಯಪ್ಪ. ಹುಳುವಿನ ಮೇಲೆ ಹೊರಗಿನೋರ ಕಣ್ಣು ಬೀಳಬಾರ್ದು ಅಂತ ಅದ್ರ ಬಾಗಿಲು ಹಾಕ್ಕೊಂಡಿರೋರು, ಅದನ್ನ ಮರ್ತ್ಯಾ?" ಒಂದು ಚೂರು ಬೆಳಕಿಗೆ ಹಿಡಿದರು. "ಅವತ್ತು ಎಂಟು ಜನ ಹೆಂಗಸ್ರು ಕೂತ್ರೂ ಇವನ್ನ ಒಡೆಯೋಕಾಗ್ಲಿಲ್ಲ. ನೀನೊಬ್ನೇ ಮುಗಿಸ್ಬಿಟ್ಟೆ!"

ಈಗ ಟಿಫನ್ ಬಾಕ್ಸಿನಷ್ಟು ಚಿಕ್ಕ ಕಿಲ್ನ್ ಬಂದಿದೆ. ಅದನ್ನು ಆರಿಸಲು ಜ್ಯೋತಿ, ಗಂಗುಲಮ್ಮ ಇಬ್ಬರೂ ಹೋಗುವಾಗ ಅಳತೆಗೆ ಆ ಒಂದು ಮಣಿಯನ್ನು ಕರೆದೊಯ್ದರು, ನನ್ನನ್ನಲ್ಲ. ದೊಡ್ಡದು ನಿಂತಲ್ಲೇ ನಿಂತಿದೆ. ಚೌಕಟ್ಟು ಕೂರಿಸಿಯಾಗಿದೆ, ಇನ್ನು ಹೊರಗೆ ಹೋಗುವುದಿಲ್ಲ. ಅದರಲ್ಲಿ ನನ್ನ ಪ್ಯಾಂಟುಗಳಿವೆ.

ಮೊನ್ನೆ ಆಫೀಸಿಗೆ ಹೊರಡುವಾಗ ಅದರ ಬಾಗಿಲು ತೆರೆದೆ. ಕಿರ್ರ್ ಎಂದಿತು. ಕೊರಳಲ್ಲಿ ಒಂದೇ ಒಂದು ಹಸಿರು ಮಣಿ ಹಾಕಿಕೊಂಡು ಹೊಸ್ತಿಲ ಮೇಲೆ ಕೂತಿದ್ದ ಗಂಗುಲಮ್ಮ ತಿರುಗಿಯೂ ನೋಡದೆ ಕೂಗಿದರು:

"ಬಾಗಿಲು ಹಾಕಪ್ಪಾ!"