ಪ್ರಸ್ಥಾನದ ಚೀಲ ಮತ್ತು ನಾನು ತೋರಿಸಿದ ಬೆಂಗಳೂರು

ಬೆಂಗಳೂರನ್ನು ಒಬ್ಬರಿಗೆ ತೋರಿಸುವುದು ಅಂಥ ದೊಡ್ಡ ಕೆಲಸವೇನಲ್ಲ ಎಂದು ನಾನು ಮನಸಾರೆ ನಂಬಿದ್ದೆ. ಹನ್ನೆರಡು ವರ್ಷದಿಂದ ರಾಮಮೂರ್ತಿ ನಗರದ ಬಾಡಿಗೆ ಮನೆಯಲ್ಲಿದ್ದೇನೆ. ಬೆಂಗಳೂರು ನನಗೆ ಅಂಗೈ ಗೆರೆ ಇದ್ದಂತೆ ಎಂದು ಲಿಂಗಸುಗೂರಿನಲ್ಲಿರುವ ನಮ್ಮ ಯಜಮಾನರ ಅಕ್ಕ ಶಾಂತಮ್ಮನವರಿಗೆ ಫೋನು ಮಾಡಿದಾಗಲೆಲ್ಲ ಹೇಳಿಕೊಂಡು ಬಂದಿದ್ದೇನೆ. ನಿಜವಾಗಿ ನನಗೆ ಗೊತ್ತಿದ್ದದ್ದು ಗಣಪತಿ ಗುಡಿ, ತರಕಾರಿ ಅಂಗಡಿ, ಹಿಟ್ಟಿನ ಗಿರಣಿ. ದೇವರ ದಯೆ, ಅದನ್ನು ಪರೀಕ್ಷೆ ಮಾಡಲು ಯಾರೂ ಬಂದಿರಲಿಲ್ಲ.

ಈಗ ಅಕ್ಕನೇ ಬಂದುಬಿಟ್ಟರು! ಭಾನುವಾರ ಯಾರದೋ ಮದುವೆ, ಸೋಮವಾರ ಸಂಜೆಗೆ ವಾಪಸು ರೈಲು. ನಡುವಿನ ಒಂದು ಹಗಲಿನಲ್ಲಿ ವಿಧಾನಸೌಧ, ಅರಮನೆ ಎಲ್ಲ ನೋಡಬೇಕಂತೆ. ಟೆಂಪೊ ಓಡಿಸುವ ಯಜಮಾನರು ಡ್ಯೂಟಿಗೆ ಹೊರಡುವಾಗ ನನ್ನ ಕಿವಿಯ ಹತ್ತಿರ, "ಗೊತ್ತಿಲ್ಲ ಅಂತ ಈಗೇ ಹೇಳಿಬಿಡು, ಮಾನ ಉಳೀತದ" ಎಂದರು. ನಾನು ಕೇಳಿಸದವಳಂತೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದೆ.

ಅಕ್ಕ ಕನ್ನಡಕ ಹಾಕಿಕೊಂಡು ಕ್ಯಾಲೆಂಡರ್ ನೋಡಿದರು. ಸೋಮವಾರ ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ. ನಾವು ಎಂಟೂವರೆಗೆ ಹೊರಡಬೇಕು. ಇದಕ್ಕೆ ಹಿರಿಯರು ಒಳ್ಳೆಯ ದಾರಿ ಮಾಡಿಟ್ಟಿದ್ದಾರೆ. ರಾಹುಕಾಲ ಹುಟ್ಟುವ ಮೊದಲೇ ಪ್ರಯಾಣದ ಚೀಲವನ್ನು ಪಕ್ಕದ ಮನೆಯಲ್ಲಿಟ್ಟರೆ ಆಯಿತು, ನಾವು ಹೊರಟಂತೆಯೇ. ಅದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಏಳು ಗಂಟೆಗೇ ರೊಟ್ಟಿ, ನೀರು, ಇಬ್ಬರ ಆಧಾರ್ ಕಾರ್ಡು, ಅಕ್ಕನ ಕನ್ನಡಕ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಪಕ್ಕದ ಮನೆಯ ಸೆಲ್ವಿಗೆ ಒಪ್ಪಿಸಿದೆ. ಜೋಪಾನ ಎಂದು ಎರಡೆರಡು ಸಲ ಹೇಳಿದೆ. ಅದೇ ತಪ್ಪಾಯಿತು.

ಎಂಟೂವರೆಗೆ ಹೋಗಿ ನೋಡಿದರೆ ಸೆಲ್ವಿಯ ಬಾಗಿಲಿಗೆ ಬೀಗ! ಫೋನು ಮಾಡಿದೆ.

"ಭಯ ಪಡ್ಬೇಡಿ ಅಕ್ಕಾ. ಬ್ಯಾಗ್‌ನ ಬೀರು ಒಳಗಿಟ್ಟು ಲಾಕ್ ಮಾಡಿದೀನಿ. ನಾನು ಹೊಸೂರಿಗೆ ತಂಗಿ ಮನೆಗೆ ಹೊರಟ್ಬಿಟ್ಟೆ, ನಾಲ್ಕು ಗಂಟೆಗೆಲ್ಲ ಬರ್ತೀನಿ."

ಇಷ್ಟು ಜೋಪಾನವಾಗಿ ನನ್ನ ವಸ್ತುವನ್ನು ಈವರೆಗೆ ಯಾರೂ ಕಾಪಾಡಿಲ್ಲ.

"ನನ್ನ ಚಾಳೀಸು ಅದ್ರಾಗೇ ಉಳೀತಲ್ಲವಾ" ಎಂದರು ಅಕ್ಕ. ಅಯ್ಯೋ ಪಾಪ, ಬೆಂಗಳೂರು ನೋಡಲು ಬಂದವರಿಗೆ ಕನ್ನಡಕವಿಲ್ಲದೆ ಕಣ್ಣೇ ಇಲ್ಲದಂತಾಯಿತಲ್ಲ ಎಂದು ಮರುಗಿದೆ. ಮರುಗಳಿಗೆಯೇ, ದೇವರು ಕಷ್ಟ ಕೊಟ್ಟರೂ ಅದರಲ್ಲೊಂದು ಅನುಕೂಲ ಇಟ್ಟಿರುತ್ತಾನೆ ಎಂಬುದೂ ಹೊಳೆಯಿತು. ಅಕ್ಕನಿಗೆ ಏನೂ ಕಾಣದು. ನಾನು ಹೇಳಿದ್ದೇ ಬೆಂಗಳೂರು!

ಆಧಾರ್ ಇಲ್ಲದ್ದಕ್ಕೆ ಬಸ್ಸಿನಲ್ಲಿ ಹೆಂಗಸರ ಉಚಿತ ಟಿಕೆಟೂ ಇಲ್ಲ. ಕೈಯಲ್ಲಿದ್ದ ಚಿಲ್ಲರೆಯಲ್ಲಿ ಟಿಕೆಟ್ ತೆಗೆದು ಕೂತೆವು. ಹಲಸೂರು ಕೆರೆ ಬಂದಾಗ ಇದು ಹಲಸೂರು ಕೆರೆ ಎಂದೆ. ಆ ದಿನ ನಾನು ಸರಿಯಾಗಿ ಹೇಳಿದ್ದು ಅದೊಂದೇ. ಶಿವಾಜಿನಗರದಲ್ಲಿ ಬಸ್ಸು ಬದಲಿಸಿ, ಇಳಿಯಬೇಕಾದ ಸ್ಟಾಪು ದಾಟಿ, ಹಿಂದಕ್ಕೆ ನಡೆದೆವು. ಅಕ್ಕನ ರಟ್ಟೆ ಹಿಡಿದು, "ಮೆಟ್ಟಿಲದ, ಕಲ್ಲದ, ಸಾವಕಾಶ" ಎನ್ನುತ್ತಾ ನಡೆಸಿದೆ. ಹಾಗೆನ್ನುತ್ತಲೇ ನಾನೇ ಫುಟ್‌ಪಾತಿನ ಗುಂಡಿಗೆ ಕಾಲಿಟ್ಟೆ. ಎತ್ತಿದವರು ಅಕ್ಕ. ಕಾಲು ಮುರಿಯಲಿಲ್ಲ, ಹೆಬ್ಬೆರಳು ಮಾತ್ರ ಒಡೆಯಿತು. ದೇವರು ದೊಡ್ಡವನು.

ಎದುರಿಗೆ ಕೆಂಪು ಬಣ್ಣದ, ಕಂಬಗಳ ದೊಡ್ಡ ಕಟ್ಟಡ. ಇಷ್ಟು ಚಂದದ್ದು ಅರಮನೆಯಲ್ಲದೆ ಇನ್ನೇನು? "ಇದೇ ನೋಡ್ರಿ ಅಕ್ಕಾರ, ಮಹಾರಾಜರ ಅರಮನಿ" ಎಂದೆ. ದೇವರಾಣೆ, ಅದು ಸುಳ್ಳಲ್ಲ. ಅಂದಾಜು. ರಾಣಿಯರು ಯಾವ ಕಿಟಕಿಯಲ್ಲಿ ಕೂರುತ್ತಿದ್ದರು ಎಂಬುದನ್ನೂ ಅಂದಾಜು ಮಾಡಿದೆ. ಅಕ್ಕ ಹೂಂ ಎಂದರು. ರಸ್ತೆಯ ಆಚೆ ಮೊದಲು ಕಂಡ ಗುಮ್ಮಟದ ಎದುರು ನಿಂತು, ಇದು ವಿಧಾನಸೌಧ ಎಂದು ಘೋಷಿಸಿದೆ. ಅದರ ಪಕ್ಕದ ಇನ್ನೂ ದೊಡ್ಡ ಕಟ್ಟಡ ಯಾವುದೋ ಆಫೀಸಿರಬೇಕೆಂದು ಬಿಟ್ಟೆ. ಊರಿನಲ್ಲಿ ತೋರಿಸಲಿಕ್ಕೆಂದು ಅಕ್ಕ ಕೈಮುಗಿದು ನಿಂತ ಫೋಟೋ ಒಂದನ್ನೂ ತೆಗೆದೆ.

ಸಂಜೆ ಸೆಲ್ವಿ ಬಂದಳು, ಚೀಲ ಬಂತು, ಒಣಗಿದ ರೊಟ್ಟಿಯೂ ಬಂತು. ಯಜಮಾನರು ಫೋಟೋ ನೋಡಿ, "ಇದು ವಿಕಾಸಸೌಧ. ವಿಧಾನಸೌಧ ಎಲ್ಲಿ?" ಎಂದರು. ನಾನು ತಡಮಾಡದೆ, ಅಕ್ಕನಿಗೆ ಕಣ್ಣು ಕಾಣದ ಗಡಿಬಿಡಿಯಲ್ಲಿ ಹಾಗಾಯಿತು ಎಂದೆ.

ಅಕ್ಕ ನಿಧಾನವಾಗಿ ಕನ್ನಡಕ ಒರೆಸಿದರು. "ನನಗ್ಯಾಕ ಕಾಣಂಗಿಲ್ಲ? ಇದು ಓದೋ ಚಾಳೀಸು. ದೂರದ್ದು ಛಲೋ ಕಾಣ್ತದ."

ನಾನು ಒಣಗಿದ ರೊಟ್ಟಿಯ ಗಂಟು ಬಿಚ್ಚತೊಡಗಿದೆ.

"ಆ ಕೆಂಪು ಕಟ್ಟಡಕ್ಕ ಕೋರ್ಟು ಅಂತ ಬೋರ್ಡಿತ್ತು, ಕರಿ ಕೋಟಿನವರು ಅಡ್ಡಾಡಾಕತ್ತಿದ್ರು. ನೀ ಅರಮನಿ ಅಂದಿ. ಹನ್ನೆರಡು ವರ್ಷ ಇಲ್ಲೇ ಇದ್ದಾಕಿ ಹೇಳಾಕತ್ತಾಳ, ಬೋರ್ಡು ಬರದವ್ರೇ ತಪ್ಪಿರಬೇಕು ಅಂತ ಸುಮ್ಮನಾದೆ."

ಯಜಮಾನರು ನಗು ತಡೆಯಲು ನೀರು ಕುಡಿಯಹೋಗಿ ಕೆಮ್ಮಿದರು. ಅಕ್ಕ ನನ್ನ ಹೆಬ್ಬೆರಳಿಗೆ ಅರಿಸಿನ ಹಚ್ಚಿ, "ಮುಂದಿನ ಸಲ ಬಂದಾಗ ವಿಧಾನಸೌಧ ನಾ ತೋರಸ್ತೀನಿ ನಿನಗ" ಎಂದರು. ರೈಲಿಗೆ ಹೊರಡುವಾಗ ಚೀಲ ಹಿಡಿಯಲು ಕೈ ಚಾಚಿದೆ. ಅವರು ಅದನ್ನು ಎದೆಗವುಚಿಕೊಂಡರು.

ಆದರೂ ಒಂದು ಸಮಾಧಾನವಿದೆ. ಪ್ರಸ್ಥಾನ ಇಟ್ಟು ಹೊರಟಿದ್ದಕ್ಕೇ ಇಷ್ಟರಲ್ಲಿ ಮುಗಿಯಿತು. ಹಾಗೇ ರಾಹುಕಾಲದಲ್ಲಿ ಹೊರಟಿದ್ದರೆ ಇನ್ನೇನು ಗತಿಯಾಗುತ್ತಿತ್ತೋ!